ನಾಲ್ಕು ಪಾತಿಗೆ ಒಂದು ಹಿತ್ತಾಳೆ ಹೊದಿಕೆ

ನಮ್ಮ ಕನ್ನಡ ಸಂಘದ ನಿಯಮಾವಳಿಯ ಪ್ರಕಾರ ಯಾರೇ ಆಗಲಿ ಸಂಘದಿಂದ ಎರಡನೆಯ ಸಲ ಸನ್ಮಾನ ಪಡೆಯುವಂತಿಲ್ಲ. ಸಂಘ ಹುಟ್ಟಿದಂದಿನಿಂದ ಈ ನಿಯಮಕ್ಕೆ ಒಂದೇ ಒಂದು ವಿನಾಯಿತಿ ಕೊಡಲಾಗಿದೆ. ಅದು ನನ್ನ ಬಸಳೆಗೆ.

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಡೊಂಬಿವಲಿಯ ಕಾರ್ಖಾನೆ ಪ್ರದೇಶ ಎಂಐಡಿಸಿಗೆ ಸೊಸೆಯಾಗಿ ಬಂದ ಮೇಲೆ ಸಂಘದ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ಕೂತು ಠರಾವಿನ ಭಾಷೆ ಬಾಯಿಗೆ ಬಂದುಬಿಟ್ಟಿದೆ. ಮೊನ್ನೆ ಹಾಲಿನ ಭಯ್ಯಾನಿಗೂ, "ಸದರಿ ಹಾಲು ನೀರಾಗಿರುವುದನ್ನು ಈ ಮನೆ ವಿಷಾದದಿಂದ ಗಮನಿಸಿದೆ" ಎಂದೆ. ಅವನು ಅರ್ಥವಾಗದೆ ಹೆದರಿ ಕಾಲು ಲೀಟರು ಹೆಚ್ಚು ಹಾಕಿದ. ಹಾಗಾಗಿ ಈ ಪ್ರಕರಣವನ್ನು ನಡೆದದ್ದು ನಡೆದ ಹಾಗೆ ವರದಿ ಮಾಡಲು ನನಗೆ ಅಧಿಕಾರ ಉಂಟು ಎಂದು ತಿಳಿಯಬೇಕು.

ಸಂಘದ ಸಭಾಭವನದ ಮುಂದಿನ ಅಂಗಳದಲ್ಲಿ ನಾಲ್ಕು ಪಾತಿಗಳಿವೆ. ಒಂದರಲ್ಲಿ ಬದನೆ, ಒಂದರಲ್ಲಿ ಹರಿವೆ, ಒಂದರಲ್ಲಿ ಅಬ್ಬಲಿಗೆ ಹೂ. ನಾಲ್ಕನೆಯದರಲ್ಲಿ ನನ್ನ ಬಸಳೆ. ಬಸಳೆಯ ತುಂಡನ್ನು ನನ್ನ ತಮ್ಮ ಪೂವಪ್ಪ ಉಡುಪಿಯಿಂದ ಒದ್ದೆ ಬನಿಯನ್ನಿನಲ್ಲಿ ಸುತ್ತಿ ರೈಲಿನಲ್ಲಿ ತಂದು ಕೊಟ್ಟದ್ದು. ಕೊಟ್ಟವನು ಸುಮ್ಮನೆ ಕೊಡಲಿಲ್ಲ.

"ಅಕ್ಕ, ಈ ಕೆಮಿಕಲ್ ಹೊಗೆಯಲ್ಲಿ ಬಸಳೆ ಬದುಕುವುದುಂಟಾ? ಇಲ್ಲಿ ಬದುಕುವುದು ಮನುಷ್ಯರು ಮಾತ್ರ, ಅದೂ ಬೇರೆ ದಾರಿ ಇಲ್ಲದೆ."

"ಬದುಕಿದರೆ ಏನು ಮಾಡ್ತೀಯಾ?"

"ಬದುಕಿದರೆ ನಿಮ್ಮ ಸಂಘದ ಮೈಕಿನೆದುರು ನಿಂತು ನನಗೆ ಬುದ್ಧಿ ಇಲ್ಲ ಅಂತೇನೆ. ಸತ್ತರೆ ನೀನು ಹೇಳಬೇಕು."

"ಆಯಿತು ಹೋಗು" ಎಂದೆ. ಮಾತು ಮಾತೇ. ಮೇ ಕೊನೆಗೆ ಘಣಸೋಲಿಯಲ್ಲಿ ನೆಂಟರ ಮದುವೆ. ಅದಕ್ಕೆ ಪೂವಪ್ಪ ಬರುವವನಿದ್ದ. ಅಷ್ಟರಲ್ಲಿ ಬಿಸಿಲು ಏರಿತು. ಬೆಳಿಗ್ಗೆ ಹೊಯ್ದ ನೀರು ಮಧ್ಯಾಹ್ನಕ್ಕೆ ಇಲ್ಲ. ಪಾತಿಯ ಮಣ್ಣು ಹಪ್ಪಳದ ಹಾಗೆ ಬಿರಿಯಿತು. ಬಸಳೆ ತಲೆ ಕೆಳಗೆ ಹಾಕಿತು. ನಾನೂ ಹಾಕುವ ಹಾಗಾಯಿತು.

ಸಭಾಭವನದ ಹಿಂದೆ ಬಾದಾಮಿ ಮರದ ತರಗೆಲೆ ಹೋಳಿ ಹಬ್ಬದಿಂದ ರಾಶಿ ಬಿದ್ದಿತ್ತು. ನಾಲ್ಕು ಬುಟ್ಟಿ ತಂದು ಬುಡಕ್ಕೆ ಹಾಕಿದರೆ ಮಣ್ಣು ತಂಪಾಗಿ ಉಳಿಯುತ್ತದೆ. ಬುಟ್ಟಿ ಹಿಡಿದು ಹೊರಟೆ. ಸಂಘದ ಕಾರ್ಯದರ್ಶಿ ತಾರಾನಾಥ ಕಿಟಕಿಯಿಂದಲೇ ಕೂಗಿದ. ಇವನು ಬ್ಯಾಂಕಿನಿಂದ ರಿಟೈರ್ ಆದವನು, ಆದರೆ ಬ್ಯಾಂಕು ಅವನಿಂದ ರಿಟೈರ್ ಆಗಿಲ್ಲ.

"ಅಪ್ಪಿಯಕ್ಕ, ಎಲೆ ಮುಟ್ಟಬೇಡಿ!"

"ಯಾಕೆ, ಹಾವುಂಟಾ?"

"ನಿಯಮ ಉಂಟು. ಎಲೆ ಮರದಲ್ಲಿ ಇರುವವರೆಗೆ ಸಂಘದ ಸ್ಥಿರಾಸ್ತಿ. ಬಿದ್ದ ಮೇಲೆ ಚರಾಸ್ತಿ. ಚರಾಸ್ತಿ ವಿಲೇವಾರಿ ಮಾಡಬೇಕಾದರೆ ಸರ್ವ ಸದಸ್ಯರ ಸಭೆ ಕರೆಯಬೇಕು. ಅದು ಗಣೇಶ ಚೌತಿ ಕಳೆದ ಮೇಲೆ."

"ಅಷ್ಟರಲ್ಲಿ ಬಸಳೆ ಇರುವುದಿಲ್ಲವಲ್ಲ?"

"ಹೊರಗಿನಿಂದ ಖರೀದಿ ಮಾಡುವುದಾದರೆ ಕಾರ್ಯಕಾರಿ ಸಮಿತಿ ಸಾಕು. ನಾಡಿದ್ದೇ ಕೂರಬಹುದು."

ನಮ್ಮದನ್ನು ಬಳಸುವುದಕ್ಕಿಂತ ಪರರದ್ದನ್ನು ಕೊಳ್ಳುವುದು ಸುಲಭ ಎಂಬುದು ಆಡಳಿತದ ಮೊದಲ ಪಾಠ. ನನಗೆ ತಡವಾಗಿ ಗೊತ್ತಾಯಿತು.

ಸಮಿತಿ ಕೂತಿತು. ನನ್ನ ಸೊಸೆ ರಮಿತಾ ಮೊಬೈಲ್ ಹಿಡಿದು ಬಂದಳು. "ಅತ್ತೆ ಹೇಳುವುದಕ್ಕೆ ಮಲ್ಚ್ ಅಂತಾರೆ. ಬೇಸಿಗೆಯಲ್ಲಿ ಪಾತಿಯ ಮೇಲೆ ದಪ್ಪಗೆ ಹರಡುವುದು. ತೆಂಗಿನ ನಾರಿನ ಚೂರು ಸಿಗುತ್ತದೆ, ಮರದ ತೊಗಟೆ ಸಿಗುತ್ತದೆ, ಬಿಳಿ ಕಲ್ಲು ಸಿಗುತ್ತದೆ."

ಅಧ್ಯಕ್ಷ ವಿಷ್ಣುಮೂರ್ತಿಯವರಿಗೆ ಕಲ್ಯಾಣದಲ್ಲಿ ಸಸ್ಯಾಹಾರಿ ಹೋಟೆಲು. ಯಾವ ವಿಷಯವನ್ನೂ ಅವರು ಕಾವಲಿಯ ಮೇಲೆ ಇಟ್ಟು ನೋಡುತ್ತಾರೆ. "ಬಿಳಿ ಕಲ್ಲು ಈ ಬಿಸಿಲಿಗೆ ಕಾದರೆ ಅದರ ಮೇಲೆ ನೀರುದೋಸೆ ಎರೆಯಬಹುದು. ಗಿಡ ಬೇಯುತ್ತದೆ. ಬೇಡ."

"ಮರದ ತೊಗಟೆ?"

"ಗೆದ್ದಲು ಬರುತ್ತದೆ. ಗೆದ್ದಲಿಗೆ ಪ್ರತ್ಯೇಕ ಉಪಸಮಿತಿ ಬೇಕು" ಎಂದ ತಾರಾನಾಥ.

"ಹಾಗಾದರೆ ತೆಂಗಿನ ನಾರು. ಮೂರು ಇಂಚು ದಪ್ಪ ಸಾಕು. ಗಿಡದ ದಂಟಿಗೆ ತಾಗಿಸಬಾರದು, ಕೊಳೆಯುತ್ತದೆ, ಸುತ್ತ ಜಾಗ ಬಿಡಬೇಕು. ನಮ್ಮ ಪಾತಿಗಳಿಗೆ ಅರ್ಧ ಬ್ರಾಸ್ ಕೂಡ ಬೇಡ, ಆದರೆ ಒಂದು ಬ್ರಾಸ್‌ಗಿಂತ ಕಡಿಮೆಗೆ ಟೆಂಪೊ ಬರುವುದಿಲ್ಲ" ಎಂದಳು ರಮಿತಾ.

ಈ ಕಡೆ ಮರಳು, ಜಲ್ಲಿ, ಮಣ್ಣು ಏನೇ ರಾಶಿ ಸಾಮಾನಾದರೂ ಬ್ರಾಸ್ ಲೆಕ್ಕದಲ್ಲಿ ಕೊಡುವುದು. ಒಂದು ಬ್ರಾಸ್ ಅಂದರೆ ಒಂದು ಸಣ್ಣ ಟೆಂಪೊ ತುಂಬ. ಮನೆ ಕಟ್ಟಿಸಿದವರಿಗೆಲ್ಲ ಗೊತ್ತು. ಠರಾವು ಸರ್ವಾನುಮತದಿಂದ ಪಾಸಾಯಿತು. ಚಹಾ, ಗೋಳಿಬಜೆ ಆಯಿತು.

ಇನ್ನು ಆರ್ಡರ್ ಬರೆಯಬೇಕು. ಸಂಘದ ಕಾಗದಪತ್ರ ಅಚ್ಚ ಕನ್ನಡದಲ್ಲೇ ಇರತಕ್ಕದ್ದು, ಒಂದು ಇಂಗ್ಲಿಷ್ ಪದ ನುಸುಳಿದರೂ ಕಾರ್ಯದರ್ಶಿ ರಾಜೀನಾಮೆ ಕೊಡತಕ್ಕದ್ದು ಎಂದು ನಿಯಮ. ತಾರಾನಾಥ ರಾಜೀನಾಮೆ ಕೊಡುವ ಜಾತಿಯಲ್ಲ. ಮಲ್ಚ್‌ಗೆ ‘ಹೊದಿಕೆ’ ಎಂದು ಬರೆದ. ಅದು ಸರಿಯೇ. ಬ್ರಾಸ್‌ಗೆ ‘ಹಿತ್ತಾಳೆ’ ಎಂದು ಬರೆದ. ಅದೂ ಸರಿ, ಪದಕೋಶದಲ್ಲಿ ಹಾಗೇ ಇದೆಯಂತೆ. ತೆಂಗಿನ ನಾರಿನ ಮಾತನ್ನು ಬಿಟ್ಟ, ವಸ್ತುವಿನ ಹೆಸರು ಹೇಳಿದರೆ ಬೇರೆ ವಸ್ತುಗಳಿಗೆ ಅನ್ಯಾಯ ಮಾಡಿದ ಹಾಗಾಗುತ್ತದಂತೆ. ಕೊನೆಗೆ ಹೊರಟ ಆದೇಶ ಇದು:

‘ನಾಲ್ಕು ಪಾತಿಗಳಿಗೆ ಹೊದಿಕೆ, ಹಿತ್ತಾಳೆ ಒಂದು, ತುರ್ತಾಗಿ ಸರಬರಾಜು ಮಾಡತಕ್ಕದ್ದು.’

ಯಾರಿಗೆ ಕಳಿಸುವುದು? ನಮ್ಮ ಸಂಘಕ್ಕೆ ಈವರೆಗೆ ಹೊದಿಕೆ ಕೊಟ್ಟವನು ಒಬ್ಬನೇ. ವಿಠ್ಠಲವಾಡಿಯಲ್ಲಿ ಅಂಗಡಿ ಇಟ್ಟ ಕುಶಲ. ಸನ್ಮಾನದ ಶಾಲು, ಪೇಟ, ಹಾರ, ಹಿತ್ತಾಳೆ ಫಲಕ ಎಲ್ಲ ಅವನದೇ. ಅವನು ಅಧ್ಯಕ್ಷರ ಹೆಂಡತಿಯ ತಮ್ಮ ಎಂಬುದು ಆಕಸ್ಮಿಕ. ಸಂಘದಲ್ಲಿ ಇಂಥ ಆಕಸ್ಮಿಕ ಪ್ರತಿ ವರ್ಷ ನಡೆಯುತ್ತದೆ. ಕುಶಲ ಇಲ್ಲೇ ಹುಟ್ಟಿದವನು, ಕನ್ನಡ ಓದುತ್ತಾನೆ, ಉತ್ತರ ಮಾತ್ರ ಹಿಂದಿಯಲ್ಲಿ. ಆದೇಶ ಸಿಕ್ಕಿದೊಡನೆ ಫೋನು ಮಾಡಿದ. ತಾರಾನಾಥನಿಗೆ ಕಿವಿ ಸ್ವಲ್ಪ ಮಂದ. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿತು.

"ಅಂಕಲ್, ಯೇ ಪಾತಿ ಲೋಗ್ ನಯೇ ಮೆಂಬರ್ ಹೈ ಕ್ಯಾ?"

"ಹೊಸತೇನಲ್ಲ. ಮೊದಲಿನಿಂದಲೂ ನಮ್ಮ ಅಂಗಳದಲ್ಲೇ."

"ಅಚ್ಛಾ, ಚಾರ್ ಭಾಯಿ. ಸೈಜ್?"

"ನಾಲ್ಕೂ ಒಂದೇ ಅಳತೆ. ಉದ್ದ ಎಂಟು ಅಡಿ, ಅಗಲ ನಾಲ್ಕು."

"ಬಾಪ್ ರೇ! ಪೈಲ್ವಾನ್ ಹೈ?"

"ಎಲ್ಲಿಯ ಪೈಲ್ವಾನು ಮಾರಾಯ. ಬಿಸಿಲಿಗೆ ಬಾಡಿ ಮಲಗಿ ಆಗಿದೆ. ಇವತ್ತೋ ನಾಳೆಯೋ ಅನ್ನುವ ಹಾಗಿದೆ. ಬೇಗ ಕಳಿಸು."

"ಅರೆರೆ," ಎಂದು ಕುಶಲ ಮರುಗಿದ. "ಔರ್ ವೋ ಹಿತ್ತಾಳೆ, ಪೀತಲ್, ಏಕ್ ಹೀ?"

"ಒಂದಕ್ಕೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಠರಾವಾಗಿದೆ."

ಟೆಂಪೊ ಬಂತು. ಇಳಿದದ್ದು ಜರಿ ಅಂಚಿನ ಎಂಟಡಿಯ ನಾಲ್ಕು ಜಂಬೊ ಶಾಲು. ಜೊತೆಗೆ ಒಂದು ಹಿತ್ತಾಳೆಯ ಫಲಕ. ಅದರ ಮೇಲೆ ಕೆತ್ತಿದ್ದನ್ನು ರಮಿತಾ ಓದಿದಳು: ‘ಶ್ರೀ ಪಾತಿ ಸಹೋದರರ ಜೀವಮಾನದ ಸಾಧನೆಗೆ.’

ರಮಿತಾ ಹಣೆಗೆ ಕೈ ಇಟ್ಟಳು. "ಇದನ್ನು ವಾಪಸು ಕಳಿಸಿ!"

"ಹೆಸರು ಕೆತ್ತಿದ ಮಾಲು ವಾಪಸಿಲ್ಲ" ಎಂದ ತಾರಾನಾಥ.

ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ವಿಷ್ಣುಮೂರ್ತಿ ಶಾಲಿನ ಅಂಚು ಮುಟ್ಟಿ ನೋಡಿದರು. ಆಮೇಲೆ ತೀರ್ಪು ಕೊಟ್ಟರು. "ಠರಾವಿನಲ್ಲಿ ಏನುಂಟು? ಹೊದಿಕೆ. ಬಂದದ್ದೇನು? ಹೊದಿಕೆ. ಹಿತ್ತಾಳೆ ಎಷ್ಟು? ಒಂದು. ಬಂದದ್ದೆಷ್ಟು? ಒಂದು. ಇಷ್ಟು ಕರಾರುವಾಕ್ಕಾಗಿ ನಮ್ಮ ಸಂಘಕ್ಕೆ ಯಾವ ಸಾಮಾನೂ ಈವರೆಗೆ ಬಂದದ್ದಿಲ್ಲ."

ಚಪ್ಪಾಳೆ ಬಿತ್ತು.

"ಹಾಗಾದರೆ ಹೊದಿಸಿಬಿಡುವಾ?" ಎಂದೆ. ನನಗೆ ಬಸಳೆಯ ಚಿಂತೆ.

"ಹಾಗೆಲ್ಲ ಹೊದಿಸಲಿಕ್ಕಾಗುವುದಿಲ್ಲ ಅಪ್ಪಿಯಕ್ಕ" ಎಂದ ತಾರಾನಾಥ. "ಸಂಘದ ಶಾಲು ಸಭೆಯಿಲ್ಲದೆ ಯಾರ ಮೈಮೇಲೂ ಬೀಳುವಂತಿಲ್ಲ. ಪ್ರಾರ್ಥನೆ, ಸ್ವಾಗತ, ಮುಖ್ಯ ಅತಿಥಿ ಎಲ್ಲ ಬೇಕು."

ಭಾನುವಾರಕ್ಕೆ ಸಭೆ ನಿಕ್ಕಿಯಾಯಿತು. ಮುಖ್ಯ ಅತಿಥಿ ಊರಿನಿಂದ ಬಂದವರಾಗಿರಬೇಕು, ಖರ್ಚು ಇರಬಾರದು. ಆ ಎರಡು ಗುಣವೂ ಇದ್ದವನು ಡೊಂಬಿವಲಿಯಲ್ಲಿ ಒಬ್ಬನೇ ಸಿಕ್ಕಿದ. ಆ ದಿನವೇ ರೈಲು ಇಳಿಯುತ್ತಿದ್ದ ನನ್ನ ತಮ್ಮ ಪೂವಪ್ಪ.

ಅವನು ಚೀಲ ಇಡುವ ಮೊದಲೇ ಅಂಗಳಕ್ಕೆ ಹೋಗಿ ಬಸಳೆ ನೋಡಿ ಬಂದ. "ಎಂಥ ಅಕ್ಕ, ನಿನ್ನ ಬಸಳೆ ಐಸಿಯುನಲ್ಲಿ ಉಂಟಲ್ಲ? ಮೈಕಿನಲ್ಲಿ ಏನು ಹೇಳ್ತಿ ಅಂತ ಬಾಯಿಪಾಠ ಮಾಡಿಕೊ."

"ಮೊದಲು ನೀನು ಮಾಡಿಕೊ. ಇವತ್ತು ಅದಕ್ಕೆ ಸನ್ಮಾನ. ಹೊದಿಸುವವನು ನೀನೇ."

ಪೂವಪ್ಪ ನಕ್ಕ. ಅವನ ಫೋಟೊ ಇರುವ ಬ್ಯಾನರ್ ನೋಡಿದ ಮೇಲೆ ನಗುವುದನ್ನು ನಿಲ್ಲಿಸಿ ತಲೆ ಬಾಚಿಕೊಂಡ.

ಆದರೆ ಆ ಪಾಲಿಯೆಸ್ಟರ್ ಶಾಲನ್ನು ಗಿಡದ ಮೇಲೆ ಹಾಕಿದರೆ ಇದ್ದ ಜೀವವೂ ಹೋಗುತ್ತದೆ. ಸಭೆ ಶುರುವಾಗಲು ಇನ್ನೂ ಹೊತ್ತಿತ್ತು. ನಾನು ಎದ್ದು ನಿಂತೆ.

"ತಾರಾನಾಥ, ಒಂದು ಕ್ರಿಯಾಲೋಪ. ಸನ್ಮಾನಿತರಿಗೆ ಆಸನ ಎಲ್ಲಿ?"

ಅವನು ಬೆಚ್ಚಿದ. ನಿಯಮಾವಳಿಯ ಪುಟ ತಿರುವಿದ.

"ಎಂಟಡಿಯವರಿಗೆ ಕುರ್ಚಿ ಎಲ್ಲಿಂದ ತರುವುದು?"

"ಕುರ್ಚಿ ಬೇಡ. ಹಿಂದೆ ಋಷಿಗಳೇ ಎಲೆಯ ಮೇಲೆ ಕೂರುತ್ತಿದ್ದರು."

"ಎಲೆ ಚರಾಸ್ತಿ..."

"ವಿಲೇವಾರಿ ಎಲ್ಲಿ ಮಾಡಿದೆವು? ಕೂರಲಿಕ್ಕೆ ಕೊಟ್ಟೆವು. ಕುರ್ಚಿಯಲ್ಲಿ ಕೂತರೆ ಕುರ್ಚಿ ಮನೆಗೆ ಒಯ್ಯುತ್ತಾರಾ?"

"ಕೆಲವರು ಒಯ್ದಿದ್ದಾರೆ" ಎಂದರು ವಿಷ್ಣುಮೂರ್ತಿ. ಆಮೇಲೆ ಗಂಭೀರರಾದರು. "ಆಸನದ ವ್ಯವಸ್ಥೆ ಅಧ್ಯಕ್ಷರ ವಿವೇಚನೆಗೆ ಬಿಟ್ಟದ್ದು. ಕೊಡಿ."

"ಇನ್ನೊಂದು" ಎಂದೆ. "ನಮ್ಮ ಕಡೆಯವರು ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡದೆ ಕೂರಿಸುವುದುಂಟಾ?"

ಇಲ್ಲ ಎಂದು ಯಾರು ಹೇಳಿಯಾರು? ಉಡುಪಿಯವರ ಮರ್ಯಾದೆಯ ಪ್ರಶ್ನೆ. ಸಂಘದ ಪಂಪು ಹಾಕಿ ಒಬ್ಬೊಬ್ಬ ಸನ್ಮಾನಿತರ ಕಾಲಿಗೂ ಮಣ್ಣು ಕುಡಿದು ಸಾಕೆನ್ನುವವರೆಗೆ ನೀರು ಬಿಟ್ಟರು. ಮೇಲೆ ತರಗೆಲೆಯ ಆಸನ, ನಾಲ್ಕು ಬೆರಳು ದಪ್ಪ. ಬುಡದ ಸುತ್ತ ನಾನೇ ಕೈಯಿಂದ ಜಾಗ ಬಿಡಿಸಿದೆ, ದೊಡ್ಡವರು ಕಾಲು ಚಾಚಲಿ ಎಂದು. ಸನ್ಮಾನದ ಶಾಲು ನೆಲಕ್ಕೆ ತಾಗಿದರೆ ಅವಮಾನ ಎಂದೆ. ಅದಕ್ಕೆ ಕೋಲು ನೆಟ್ಟು ಶಾಲನ್ನು ಮೇಲೆ ಚಪ್ಪರದ ಹಾಗೆ ಹೊದಿಸಿದರು.

ಪೂವಪ್ಪ ಫಲಕವನ್ನು ಪಾತಿಯ ಅಂಚಿಗೆ ಒರಗಿಸಿ ಶ್ರೀ ಪಾತಿ ಸಹೋದರರ ಸಹನೆ, ಸರಳತೆ, ನೆಲಕ್ಕೆ ಅಂಟಿಕೊಂಡ ಗುಣ ಇವುಗಳ ಬಗ್ಗೆ ಮಾತಾಡಿದ. ಮೈಕು ಸಿಕ್ಕಿದರೆ ನಮ್ಮ ಮನೆಯವರು ಹಾಗೆಯೇ. ‘ಸನ್ಮಾನಕ್ಕೆ ಉತ್ತರ’ ಎಂದು ತಾರಾನಾಥ ಕರೆದಾಗ ಪಾತಿಗಳು ಮೌನವಾಗಿದ್ದವು. ಸಂಘದ ಇತಿಹಾಸದಲ್ಲೇ ಇಷ್ಟು ಚುಟುಕಾದ, ಅರ್ಥಪೂರ್ಣವಾದ ಉತ್ತರ ಯಾರೂ ಕೊಟ್ಟಿಲ್ಲ ಎಂದು ಎಲ್ಲರೂ ಕೊಂಡಾಡಿದರು. ಸಂಜೆ ಕುಶಲ ಬಂದು, ಸನ್ಮಾನಿತರಿಗೆ ಶಾಲು ಮಡಚಲು ಕೈ ಇಲ್ಲ ಎಂಬ ಕಾರಣಕ್ಕೆ ನಾಲ್ಕನ್ನೂ ಒಯ್ದ. ಈಗ ಅವು ಥಾಣೆ ಊರಿನ ಕಡೆ ಇನ್ನಾವ ಸನ್ಮಾನಿತರ ಹೆಗಲ ಮೇಲಿವೆಯೋ.

ಆಸನ ಮಾತ್ರ ಉಳಿಯಿತು. ಅದನ್ನು ತೆಗೆಯಲು ಸರ್ವ ಸದಸ್ಯರ ಸಭೆ ಬೇಕು.

ಮದುವೆ ಮುಗಿದು, ಇನ್ನೂ ಹದಿನೈದು ದಿನ ಕೂತು ಪೂವಪ್ಪ ಹೊರಡುವ ಹೊತ್ತಿಗೆ ಬಸಳೆ ತಲೆ ಎತ್ತಿ, ಚಿಗುರಿ, ಚಪ್ಪರದ ಕೋಲು ಹಿಡಿದಿತ್ತು. ಎಲೆ ಅಂಗೈಯಗಲ. ಹೆಸರುಕಾಳು ನೆನೆಹಾಕಿದೆ, ಕಾಯಿ ಅರೆದು ಗಸಿ ಮಾಡಿ ತಮ್ಮನಿಗೆ ಬಡಿಸೋಣ ಎಂದು. ಕತ್ತಿ ಹಿಡಿದು ಅಂಗಳಕ್ಕೆ ಇಳಿದೆ. ತಾರಾನಾಥ ಕಿಟಕಿಯಿಂದ ಕೂಗಿದ.

"ಅಪ್ಪಿಯಕ್ಕ! ಸನ್ಮಾನಿತರನ್ನು ಕೊಯ್ಯುವುದಾ?"

"ಮತ್ತೆ ಬೇಯಿಸುವುದು ಹೇಗೆ?"

ಅವನು ಯೋಚಿಸಿದ. "ಸನ್ಮಾನಿತರು ಅಗಲಿದರೆ ಸಂತಾಪ ಸಭೆ ಕಡ್ಡಾಯ. ಅದಾದ ಮೇಲೆ ಮುಂದಿನ ಕ್ರಿಯೆ ಮನೆಯವರಿಗೆ ಬಿಟ್ಟದ್ದು."

ಸರಿ, ಕೊಯ್ದೆ. ಸಭೆ ಸೇರಿತು. ಕೊಯ್ದ ದಂಟನ್ನು ಮೇಜಿನ ಮೇಲೆ ಮಲಗಿಸಿ ಅಬ್ಬಲಿಗೆಯ ಮಾಲೆ ಹಾಕಿದರು. ನುಡಿನಮನಕ್ಕೆ ಪೂವಪ್ಪನನ್ನು ಕರೆದರು. ಅವನು ಮೈಕು ಹಿಡಿದು ನನ್ನ ಕಡೆ ನೋಡಿದ. ನಾನು ಸೆರಗು ಸರಿಮಾಡಿಕೊಂಡೆ.

"ಅಗಲಿದವರು ಬದುಕಿರುವಾಗ ನಾನು ಅವರ ಬಗ್ಗೆ ಹಗುರವಾಗಿ ಮಾತಾಡಿದ್ದೆ" ಎಂದ. "ನನಗೆ ಬುದ್ಧಿ ಇಲ್ಲ."

ಸಂತಾಪ ಸಭೆಯಾದ್ದರಿಂದ ಚಪ್ಪಾಳೆ ಹೊಡೆಯುವಂತಿಲ್ಲ. ನನಗೆ ಅದೊಂದೇ ಕೊರತೆ. ಒಂದು ನಿಮಿಷದ ಮೌನದ ನಡುವೆ ಪಕ್ಕದಲ್ಲೇ ಇರುವ ನಮ್ಮ ಮನೆಯ ಕುಕ್ಕರ್ ಕೂಗಿತು, ಕಾಳು ಬೆಂದಿತ್ತು. ಯಾರೂ ತಲೆ ಎತ್ತಲಿಲ್ಲ, ಮೂಗು ಮಾತ್ರ ಎತ್ತಿದರು. ಗಸಿಗೆ ದುಃಖತಪ್ತರು ಎಷ್ಟು ಬಂದರೆಂದರೆ ಪೂವಪ್ಪನಿಗೆ ಸಿಕ್ಕಿದ್ದು ಎರಡು ಸೌಟು.

ಬಸಳೆ ಸುಮ್ಮನಿರುವ ಜೀವವಲ್ಲ. ಕೊಯ್ದ ಗಂಟಿನಿಂದಲೇ ಮತ್ತೆ ಚಿಗುರಿತು. ಮರಣಾನಂತರ ಚಿಗುರಿದವರನ್ನು ಸತ್ಕರಿಸದಿದ್ದರೆ ಹೇಗೆ ಎಂದು ವಿಷ್ಣುಮೂರ್ತಿ ಕೇಳಿದರು. ಕುಶಲನೂ ಅದನ್ನೇ ಕೇಳಿದ. ವಿನಾಯಿತಿ ಪಾಸಾಯಿತು. ಈಗ ಸಂಘದಲ್ಲಿ ಪದ್ಧತಿಯೇ ಆಗಿಹೋಗಿದೆ: ಚಿಗುರಿದರೆ ಸನ್ಮಾನ, ಹೊಸ ಆಸನ, ಕಾಲಿಗೆ ನೀರು, ಬಲಿತರೆ ಸಂತಾಪ. ಸದಸ್ಯರ ಹಾಜರಾತಿ ಇಷ್ಟು ಚೆನ್ನಾಗಿ ಹಿಂದೆಂದೂ ಇರಲಿಲ್ಲ. ಬೋರ್ಡಿನ ಮೇಲೆ ತಾರಾನಾಥನ ಕೈಬರಹ ಇದೆ, ರಮಿತಾ ಓದಿ ಹೇಳಿದಳು:

‘ಶ್ರೀ ಪಾತಿ ಸಹೋದರರಲ್ಲಿ ನಾಲ್ಕನೆಯವರು ಬರುವ ಭಾನುವಾರ ನಮ್ಮನ್ನು ಅಗಲಲಿದ್ದಾರೆ. ದುಃಖತಪ್ತ ಸದಸ್ಯರು ಡಬ್ಬಿಯನ್ನು ತಾವೇ ತರತಕ್ಕದ್ದು.’