ಮೂರೇ ಲಿಂಬೆಹಣ್ಣು

ಗುರುಸಂಗಪ್ಪ ಡ್ರಮ್ಮಿನ ನಲ್ಲಿಯನ್ನು ಅರ್ಧವಷ್ಟೇ ಮುಚ್ಚಿ ಚಹಾ ಕುಡಿಯಲು ಹೋದ. ಆದದ್ದು ಅಷ್ಟೇ. ಕೊಟ್ಟೂರಿನಾಚೆಯ ಆ ಎಣ್ಣೆಗಿರಣಿಯಲ್ಲಿ ಉಗ್ರಾಣ ನೋಡುವವನು ಅವನು. ತಿರುಗಿ ಬರುವಷ್ಟರಲ್ಲಿ ಯಂತ್ರಗಳ ಸುಟ್ಟ ಆಯಿಲ್ ಅಂಗಳದಲ್ಲಿ ಹರಡಿ, ಮಳೆನೀರಿನ ಚರಂಡಿಯತ್ತ ತೆವಳುತ್ತಿತ್ತು. ಚರಂಡಿ ಹೋಗುವುದು ಊರ ಕೆರೆಗೆ. ಮೂರು ಗಂಟೆಗೆ ಮಾಲಿನ್ಯ ತಪಾಸಣೆಯ ಸಾಹೇಬರು ಬರುವವರಿದ್ದರು.

"ಒಂದು ಹನಿ ಕೆರಿ ಮುಟ್ಟಿದ್ರ, ನೀನು ಮನಿ ಮುಟ್ಟಿದಂಗ" ಎಂದು ಮ್ಯಾನೇಜರ್ ಪ್ರವೀಣಕುಮಾರ್ ಬೆಳಿಗ್ಗೆಯೇ ಹೇಳಿದ್ದ.

ಆಯಿಲ್ ಹೀರಲೆಂದು ಇಟ್ಟ ಮರಳಿನ ಬಕೆಟ್ಟಿನಲ್ಲಿ ಈಗ ಊದಿನಕಡ್ಡಿಗಳು ಉರಿಯುತ್ತಿದ್ದವು, ಮರಳು ಹಿಡಿಯಷ್ಟಿತ್ತು. ಬಾಯ್ಲರಿನ ಬೂದಿ ತಂದು ಸುರುವಿದ. ಅಂದು ಅಮಾವಾಸ್ಯೆ. ಯಾರೂ ಹತ್ತಿರ ಬರದಿರಲೆಂದು ಕ್ಯಾಂಟೀನಿನ ಮೂರು ಲಿಂಬೆಹಣ್ಣಿಗೆ ಕುಂಕುಮ ಮೆತ್ತಿ ಮೇಲಿಟ್ಟ. ಮಾಟವೆಂದರೆ ಸಾಹೇಬರೂ ದಾಟುವುದಿಲ್ಲ.

ಮೋಡ ಕವಿದು ಮಧ್ಯಾಹ್ನವೇ ಕತ್ತಲಾಯಿತು. ಕಸ ಗುಡಿಸುವ ಸುಂಕಮ್ಮ ಪೊರಕೆ ಬಿಟ್ಟಳು.

"ಯವ್ವಾ! ಯಾರು ಮಾಡ್ಯಾರ ಇದನ್ನ? ನಾಕು ಲಿಂಬಿಹಣ್ಣು!"

"ಮೂರಲ್ಲೇನವ್ವ?" ಎಂದುಬಿಟ್ಟ ಗುರುಸಂಗಪ್ಪ.

"ನೀನ ಎಣಿಸು."

ನಾಲ್ಕಿದ್ದವು. ನಾಲ್ಕನೆಯದಕ್ಕೆ ಕುಂಕುಮವಿರಲಿಲ್ಲ, ಈಗ ತಾನೇ ನೀರಿನಿಂದ ತೆಗೆದಂತೆ ಒದ್ದೆಯಾಗಿತ್ತು.

ಬೂದಿಯಡಿಯಿಂದ ಕರಿ ಆಯಿಲ್ ಬೆರಳಿನಂತೆ ಹೊರಗೆ ಚಾಚಿತು.

"ನಡ್ಯಾಕ ಹತ್ತೇತಿ ನೋಡ್ರಿ!" ಎಂದು ಫಿಟ್ಟರ್ ಶ್ರೀನಾಥ ಕುರ್ಚಿ ಹತ್ತಿದ. ಅದು ಆಯಿಲ್ ಎಂದು ಬಲ್ಲವನು ಗುರುಸಂಗಪ್ಪ ಒಬ್ಬನೇ. ಎಲ್ಲರಿಗಿಂತ ಹೆಚ್ಚು ನಡುಗಿದವನೂ ಅವನೇ.

"ಆಯಿಲ್ರಿ ಅದು! ನಾನ ಚೆಲ್ಲೀನಿ!"

"ಪಾಪ, ಮೈಮ್ಯಾಲೆ ಬಂದೈತಿ" ಎಂದಳು ಸುಂಕಮ್ಮ.

ಅವನನ್ನು ಕಂಬಕ್ಕೆ ಕಟ್ಟಿ ಬಾಯಿಗೆ ಬೇವಿನಸೊಪ್ಪು ತುರುಕಿದರು. "ನಿನ್ನ ಸಲುವಾಗೇ ಲೇ, ಸುಮ್ನಿರು" ಎಂದ ಶ್ರೀನಾಥ.

ದೆವ್ವ ಊರಿಗೆ ಹೋಗದಂತೆ ಚರಂಡಿಯ ಬಾಯಿಗೆ ಮಣ್ಣಿನ ಒಡ್ಡು ಹಾಕಿದರು. ಬೂದಿ, ಆಯಿಲ್, ಲಿಂಬೆಹಣ್ಣು ಎಲ್ಲವನ್ನೂ ಕೆರೆದು ಏಳು ಚೀಲ ತುಂಬಿ ಹೊತ್ತೊಯ್ದರು. ಅಂಗಳ ಬಾಣಂತಿಯ ಕೋಣೆಯಷ್ಟು ಚೊಕ್ಕಟವಾಯಿತು. ಬೇವಿನಸೊಪ್ಪಿನೊಳಗೇ ಗುರುಸಂಗಪ್ಪನಿಗೆ ನಗು ಬಂತು.

ಜೀಪು ಕಂಡು ಅವನನ್ನು ಬಿಚ್ಚಿದರು. ಸಾಹೇಬರು ಒಡ್ಡು ನೋಡಿ ತಲೆದೂಗಿದರು. "ಇಂಥಾ ಮುಂಜಾಗ್ರತಿ ಎಲ್ಲೂ ನೋಡಿಲ್ರಿ." ಪ್ರವೀಣಕುಮಾರ್ ಗುರುಸಂಗಪ್ಪನ ಬೆನ್ನು ತಟ್ಟಿದ.

"ಸುಂಕಮ್ಮ, ಚೀಲ ಎಲ್ಲಿಟ್ರಿ?" ಎಂದು ಗುರುಸಂಗಪ್ಪ ಮೆಲ್ಲಗೆ ಕೇಳಿದ.

"ದೆವ್ವಕ್ಕ ಇಳಿ ತೆಗೆದು ನಿವಾಳಿಸಿದ್ದನ್ನ ಎಲ್ಲಿ ಇಡ್ತಾರಪ್ಪ? ಏಳೂ ಬಿಚ್ಚಿ ಕೆರಿಗೆ ಬಿಟ್ಟು, ಹಿಂದ ತಿರುಗಿ ನೋಡದಂಗ ಬಂದೀವಿ."

ಸಾಹೇಬರು ನೀರು ಹಿಡಿಯುವ ಬಾಟಲಿಯೊಂದಿಗೆ ಆಗಲೇ ಕೆರೆಯತ್ತ ಹೊರಟಿದ್ದರು. ಎಲ್ಲರೂ ಹಿಂದೆ ಓಡಿದರು.

ದಂಡೆಯಲ್ಲಿ ಕುರಿಗಳು ಸಾಲಾಗಿ ನಿಂತಿದ್ದವು. ಒಂದೂ ನೀರಿಗೆ ಬಾಯಿಟ್ಟಿರಲಿಲ್ಲ. ನೀರೆಲ್ಲ ಕರಿ ಪದರ.

"ಮನಿಗೆ ನಡಿಯಪ್ಪ ಇನ್ನ" ಎಂದ ಪ್ರವೀಣಕುಮಾರ್.

ಗುರುಸಂಗಪ್ಪ ಅಲುಗಲಿಲ್ಲ. ತೇಲುತ್ತಿದ್ದ ಲಿಂಬೆಹಣ್ಣುಗಳನ್ನು ಎರಡನೆಯ ಸಲ ಎಣಿಸುತ್ತಿದ್ದ. ಐದು.