ನೂರಾ ಅರವತ್ತೊಂದನೇ ಪುಟ

ಅಂದು ಬೆಳಗ್ಗೆ ಹೆಂಡತಿ ಹೊಲಿಗೆ ಮೆಷಿನ್ ನಿಲ್ಲಿಸಿ, “ರೀ, ಆ ಪುಸ್ತಕದ ಬಗ್ಗೆ ಒಂದು ಮಾತು ಹೇಳ್ಬೇಕಿತ್ತು” ಎಂದಾಗ ಹಂಗಾಮಿ ಗ್ರಂಥಪಾಲಕ ಕಿವಿಗೊಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

“ಸಂಜೆ ಸಭೇಲಿ ಕೇಳು. ಹೇಗೂ ಪ್ರಶ್ನೆ ಕೇಳೋಕೆ ಜನ ಇಲ್ಲ” ಎಂದು ಅವನು ಚಪ್ಪಲಿ ಮೆಟ್ಟಿದ.

ಊರಿಗೆ ಊರೇ ಒಂದು ತಿಂಗಳು ಒಂದೇ ಕಾದಂಬರಿ ಓದುವುದು, ಕೊನೆಗೆ ಕಾದಂಬರಿಕಾರರನ್ನೇ ಕರೆಸಿ ಮಾತಾಡಿಸುವುದು ಯೋಜನೆ. ಸಂಜೆಯ ಸಭೆ ಸುಸೂತ್ರವಾಗಿ ಮುಗಿದರೆ ಅವನ ಕೆಲಸ ಕಾಯಂ ಎಂದು ಗ್ರಂಥಾಲಯ ಸಮಿತಿಯ ಅಧ್ಯಕ್ಷರು ಮಾತು ಕೊಟ್ಟಿದ್ದರು. ಆರು ವರ್ಷದ ಹಂಗಾಮಿ ಬದುಕು ಅವನಿಗೆ ಸಾಕುಸಾಕಾಗಿತ್ತು. ಗ್ರಂಥಾಲಯ ಪರೀಕ್ಷೆಯಲ್ಲಿ ಅವನಿಗಿಂತ ಹೆಚ್ಚು ಅಂಕ ತೆಗೆದಿದ್ದ ಹೆಂಡತಿ ಮನೆಯಲ್ಲಿದ್ದಳು. ಒಂದು ಮನೆಯಿಂದ ಒಬ್ಬರು ಪುಸ್ತಕದ ಧೂಳು ಕುಡಿದರೆ ಸಾಕೆಂದು ಅವನೇ ತೀರ್ಮಾನಿಸಿದ್ದ.

ಸ್ವಾಗತ ಭಾಷಣಕ್ಕೆ ಕೊನೆಯಿಂದೊಂದು ಒಳ್ಳೆಯ ಸಾಲು ಎತ್ತಿಕೊಳ್ಳೋಣವೆಂದು ಅವನು ಗ್ರಂಥಾಲಯದಲ್ಲಿ ಕೂತು ಮೊದಲ ಸಲ ಆ ಪುಸ್ತಕ ಬಿಚ್ಚಿದ. ನೂರಾ ಅರವತ್ತನೇ ಪುಟದಲ್ಲಿ, ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣ ತಮ್ಮನ ಬಾಗಿಲು ತಟ್ಟಲು ಕೈ ಎತ್ತಿದ್ದ. ನೂರಾ ಅರವತ್ತೊಂದನೇ ಪುಟದಲ್ಲಿ, ‘ಸೂಜಿಯನ್ನು ಮೇಲೆತ್ತಿ ಬಾಬಿನ್ ಹೊರತೆಗೆಯಿರಿ, ಸಿಕ್ಕಿಕೊಂಡ ದಾರ ಬಿಡಿಸಿ ಎರಡು ಹನಿ ಎಣ್ಣೆ ಬಿಡಿ’ ಎಂದಿತ್ತು. ಅಲ್ಲಿಂದ ಕೊನೆಯವರೆಗೆ ಹೊಲಿಗೆ ಯಂತ್ರದ ರಿಪೇರಿ, ಅದೂ ಚಿತ್ರಸಮೇತ. ಮುದ್ರಣಾಲಯದವರು ಬೇರೆ ಪುಸ್ತಕದ ಹದಿನಾರು ಪುಟ ಸೇರಿಸಿ ಹೊಲಿದಿದ್ದರು. ಕಪಾಟಿನಲ್ಲಿದ್ದ ಪ್ರತಿಗಳೆಲ್ಲ ಹಾಗೇ ಇದ್ದವು. ನಾನೂರು ಪ್ರತಿಗಳನ್ನು ‘ಪರಿಶೀಲಿಸಿದ್ದೇನೆ’ ಎಂದು ಸಹಿ ಹಾಕಿ ಮನೆಮನೆಗೆ ಹಂಚಿದ ಪುಣ್ಯಾತ್ಮ ಅವನೇ.

ಲೇಖಕರ ಸಹಿ ಹಾಕಿಸಿಕೊಡುತ್ತೇನೆಂಬ ನೆಪ ಹೂಡಿ ಪ್ರತಿಗಳನ್ನು ವಾಪಸು ತರಲು ಅವನು ಬೀದಿಗಿಳಿದ.

ಮೊದಲು ಸಿಕ್ಕಿದ್ದು ನಿವೃತ್ತ ಹೆಡ್‌ಮಾಸ್ತರು. ಕೊನೆಯ ಅಧ್ಯಾಯ ಓದಿ ಎರಡು ದಿನ ಊಟ ಸೇರಲಿಲ್ಲ, ಅಣ್ಣ ಬಾಗಿಲಲ್ಲೇ ಪ್ರಾಣ ಬಿಡುವುದನ್ನು ಓದಿ ಕಣ್ಣೀರು ಬಂತು ಎಂದರು. ಅವರ ಪ್ರತಿ ಕುಂಟು ಮೇಜಿನ ಕಾಲ ಕೆಳಗಿತ್ತು. ಮೇಜು ಅಲ್ಲಾಡುತ್ತದೆಂದು ಅದನ್ನು ಕೊಡಲಿಲ್ಲ. ಆಮೇಲೆ ದರ್ಜಿ. ಅಣ್ಣತಮ್ಮಂದಿರು ತಬ್ಬಿಕೊಂಡದ್ದನ್ನು ಓದಿ ಅವನಿಗೂ ಕಣ್ಣೀರು ಬಂದಿತ್ತಂತೆ. ಇಡೀ ದಿನ ಹೊಲಿಗೆ ಮೆಷಿನ್ ತುಳಿಯುವವನು ಹೀಗೆಂದ ಮೇಲೆ ಇನ್ನು ಯಾವ ಭಯ? ಪಕ್ಕದ ಮನೆಯ ವಕೀಲರ ಪ್ರಕಾರ ಅಣ್ಣತಮ್ಮಂದಿರ ವ್ಯಾಜ್ಯ ಇನ್ನೂ ಕೋರ್ಟಿನಲ್ಲೇ ಇತ್ತು. ಆದರೂ ಕಣ್ಣೀರು ಮಾತ್ರ ಬಂದಿತ್ತು.

ಮಧ್ಯಾಹ್ನದ ಹೊತ್ತಿಗೆ ಗ್ರಂಥಪಾಲಕನಿಗೆ ಜೀವ ಬಂದ ಹಾಗಾಯಿತು. ಓದದ ಊರಿನ ಮೇಲೆ ಅವನಿಗೆ ಇಷ್ಟು ಪ್ರೀತಿ ಎಂದೂ ಹುಟ್ಟಿರಲಿಲ್ಲ.

ಸಂಜೆ ಸಭಾಂಗಣ ತುಂಬಿತ್ತು. ಲೇಖಕರು ಕೊನೆಯ ಪುಟ ಓದಬೇಕೆಂದು ಅಧ್ಯಕ್ಷರು ಕೇಳಿಕೊಂಡಾಗ ವೇದಿಕೆಯ ಮೇಲೆ ಪುಸ್ತಕವೇ ಸಿಗಲಿಲ್ಲ. ಗ್ರಂಥಪಾಲಕ ಅದರ ಮೇಲೆ ಕೂತಿದ್ದ. ಪ್ರಶ್ನೆಗಳಿವೆಯೇ ಎಂದರೆ ಎಲ್ಲರೂ ತುಂಬ ಓದಿದವರ ಹಾಗೆ ತಲೆದೂಗಿದರು. ಅಧ್ಯಕ್ಷರು ಅವನತ್ತ ನೋಡಿ ನಕ್ಕು, ಜೇಬಿನಿಂದ ಆದೇಶದ ಹಾಳೆ ತೆಗೆದರು.

ಹಿಂದಿನ ಸಾಲಿನಲ್ಲಿ ಅವನ ಹೆಂಡತಿ ಪುಸ್ತಕ ಹಿಡಿದು ಎದ್ದು ನಿಂತಳು.

“ಸರ್, ಅಣ್ಣ ಕೊನೆಗೂ ಬಾಗಿಲು ತಟ್ಟಿದ್ನೋ ಇಲ್ವೋ ಗೊತ್ತಾಗ್ಲಿಲ್ಲ. ಆದ್ರೆ ನೂರಾ ಅರವತ್ತೊಂದನೇ ಪುಟದಿಂದ ಹೇಳಿರೋ ಹಾಗೇ ಮಾಡ್ದೆ. ವರ್ಷದಿಂದ ಕೆಟ್ಟು ಕೂತಿದ್ದ ನಮ್ಮ ಹೊಲಿಗೆ ಮೆಷಿನ್ ಇವತ್ತು ಬೆಳಗ್ಗೆಯಿಂದ ಓಡ್ತಿದೆ.”

ಲೇಖಕರು ಪುಸ್ತಕ ತರಿಸಿಕೊಂಡು ನಿಧಾನವಾಗಿ ಪುಟ ತಿರುವಿದರು. “ಇದನ್ನ ನಾನೂರು ಮನೇಲಿ ಓದಿದಾರೆ ಅಂದ್ರಲ್ಲ?” ಎಂದರು. ಕಣ್ಣೀರಿಟ್ಟಿದ್ದ ಊರು ಒಟ್ಟಾಗಿ ಫ್ಯಾನು ನೋಡಿತು.

ಮೊದಲು ಚೇತರಿಸಿಕೊಂಡವರು ಹೆಡ್‌ಮಾಸ್ತರು. ತಾವು ಇದನ್ನು ಮೊದಲ ದಿನವೇ ಗಮನಿಸಿದ್ದರೂ ಒಬ್ಬ ಬಡಪಾಯಿಯ ಮರ್ಯಾದೆ ಹೋಗಬಾರದೆಂದು ಸುಮ್ಮನಿದ್ದದ್ದು ಎಂದರು. ದರ್ಜಿ ಅದನ್ನು ನೋಡಿಯೇ ಮೆಷಿನ್ನಿಗೆ ಎಣ್ಣೆ ಬಿಟ್ಟಿದ್ದನಂತೆ. ನಿಮಿಷದೊಳಗೆ ಇಡೀ ಊರು ಮೊದಲ ದಿನವೇ ಗಮನಿಸಿಬಿಟ್ಟಿತ್ತು. ಗಮನಿಸದೆ ಉಳಿದವನು ಸಹಿ ಹಾಕಿದ ಗ್ರಂಥಪಾಲಕ ಒಬ್ಬನೇ.

“ಮೂವತ್ತು ವರ್ಷದ ಬರವಣಿಗೇಲಿ ಕೊನೇ ಪುಟದವರೆಗೂ ಓದಿದೋರು ಇವತ್ತು ಒಬ್ರು ಸಿಕ್ಕಿದ್ರು. ಗ್ರಂಥಾಲಯ ಇಂಥವರ ಕೈಲಿರಬೇಕು” ಎಂದು ಲೇಖಕರು ಕೂತರು. ಚಪ್ಪಾಳೆ ನಿಲ್ಲುವುದರೊಳಗೆ ಅಧ್ಯಕ್ಷರು ಆದೇಶದಲ್ಲಿದ್ದ ಹೆಸರು ಹೊಡೆದುಹಾಕಿ ಮೇಲೆ ಅವಳ ಹೆಸರು ಬರೆದರು.

ಮನೆಗೆ ಹೋಗುವ ದಾರಿಯಲ್ಲಿ ಹೊಸ ಗ್ರಂಥಪಾಲಕಿ ಆದೇಶವನ್ನು ಮೊದಲಿಂದ ಕೊನೆಯವರೆಗೆ ಓದಿ ಮಡಿಸಿದಳು.

“ನಂಗೊಬ್ರು ಸಹಾಯಕರು ಬೇಕಂತೆ ರೀ, ಹಂಗಾಮಿ. ಇತ್ತೀಚೆಗೆ ಯಾವ ಪುಸ್ತಕ ಓದಿದ್ರಿ?”

“ಇದೇ” ಎಂದ ಅವನು. “ಕೊನೆ ಓದಿ ಕಣ್ಣೀರು ಬಂತು.”

ಆ ಊರಲ್ಲಿ ಆ ಮಾತನ್ನು ಸುಳ್ಳಿಲ್ಲದೆ ಹೇಳಿದವನು ಅವನೊಬ್ಬನೇ.