ಮೂರನೆಯ ಸಲಕ್ಕೆ ತೆರೆಯುವ ಕಿವಿ

"ನನ್ನ ದನಿ ಕಿವಿಗೆ ಬಿದ್ದ ಮೇಲೆ ಯಾವನೂ ರೈಲು ತಪ್ಪಿಸಿಕೊಂಡಿಲ್ಲ. ಇವಳು ಇಂಗ್ಲಿಷ್ ತಪ್ಪಿಸಿಕೊಳ್ತಾಳಾ? ನನಗೆ ಬಿಡಿ," ಎಂದು ತಾತ ಊಟಕ್ಕೆ ಕುಳಿತಲ್ಲೇ ಘೋಷಿಸಿದರು. ನೀರು ಕುಡಿದು ಅದನ್ನೇ ಮತ್ತೆ ಘೋಷಿಸಿದರು. ತುತ್ತು ನುಂಗಿ, ಬಾಯಿ ಒರೆಸಿಕೊಂಡು, ಮೂರನೆಯ ಸಲವೂ ಘೋಷಿಸಿದರು.

ಹೇಳಿದ್ದನ್ನು ಮೂರು ಸಲ ಹೇಳುವುದು ಅವರಿಗೆ ಅರಳುಮರಳಿನಿಂದ ಬಂದದ್ದಲ್ಲ, ಉದ್ಯೋಗದಿಂದ ಬಂದದ್ದು. ರೈಲು ನಿಲ್ದಾಣದ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕುಳಿತು, ಬರುವ ಗಾಡಿ ಹೋಗುವ ಗಾಡಿಗಳ ಸಮಾಚಾರ ಹೇಳುತ್ತಲೇ ಅವರು ತಲೆ ನರೆಸಿಕೊಂಡಿದ್ದರು. ಪ್ರತಿ ಮಾತಿಗೂ "ಪ್ರಯಾಣಿಕರ ಗಮನಕ್ಕೆ" ಎಂಬ ಮುನ್ನುಡಿ ನಾಲಗೆಯ ತುದಿಯಲ್ಲೇ ಇರುತ್ತಿದ್ದುದರಿಂದ ಬೀದಿಯ ಮಕ್ಕಳಿಗೆ ಅವರು 'ಗಮನಕ್ಕೆ ತಾತ'. ನಿವೃತ್ತಿಯ ದಿನ ನಿಲ್ದಾಣ ಅವರಿಗೊಂದು ಹಾರ ಹಾಕಿ ಕಳುಹಿಸಿತು. ಆದರೆ ದನಿಯನ್ನು ಅಲ್ಲೇ ಬಿಟ್ಟು ಬನ್ನಿ ಎಂದು ಯಾರೂ ಹೇಳಲಿಲ್ಲ. ಅದು ಅವರ ಜೊತೆಯಲ್ಲೇ ಮನೆಗೆ ಬಂತು.

ಈಗ ಆ ದನಿಗೆ ಘನವಾದ ಕೆಲಸವೊಂದು ಸಿಕ್ಕಿತ್ತು. ಮೊಮ್ಮಗಳಿಗೆ ಶಾಲೆಯ ಕೊನೆಯ ಪರೀಕ್ಷೆ. ಇಂಗ್ಲಿಷಿನಲ್ಲಿ ಬರೆದರಷ್ಟೇ ಸಾಲದು, ಒಂದು ಭಾಗ ಓದಿ ಅರ್ಥ ಮಾಡಿಕೊಳ್ಳುವುದು, ಇನ್ನೊಂದು ಭಾಗ ಕೇಳಿ ಅರ್ಥ ಮಾಡಿಕೊಳ್ಳುವುದು. ಧ್ವನಿಮುದ್ರಿಕೆ ಹಾಕುತ್ತಾರೆ, ಕೇಳಿಸಿಕೊಂಡು ಉತ್ತರ ಬರೆಯಬೇಕು. ಕೇಳುವ ಭಾಗದಲ್ಲಿ ಫೇಲಾದರೆ ಇಡೀ ಇಂಗ್ಲಿಷೇ ಫೇಲು. ಇಂಗ್ಲಿಷ್ ಫೇಲಾದರೆ ವಿಮಾನದ ಎಂಜಿನ್ ರಿಪೇರಿ ಕಲಿಸುವ ತರಬೇತಿ ಶಾಲೆಯ ಬಾಗಿಲು ಮುಚ್ಚಿದಂತೆ. ಆ ಹುಡುಗಿಗೆ ಬೇಕಾಗಿದ್ದದ್ದು ಲೋಕದಲ್ಲಿ ಅದೊಂದೇ ಬಾಗಿಲು.

ಓದುವ ಭಾಗದ ಬಗ್ಗೆ ಯಾರಿಗೂ ಚಿಂತೆ ಇರಲಿಲ್ಲ. ಬೇರೆ ಮಕ್ಕಳು ಕತೆ ಓದುವ ವಯಸ್ಸಿನಲ್ಲಿ ಅವಳು ಫ್ಯಾನು, ಮಿಕ್ಸಿ, ನೀರಿನ ಪಂಪುಗಳ ಜೊತೆ ಬರುವ ಇಂಗ್ಲಿಷ್ ಕೈಪಿಡಿಗಳನ್ನು ಸಣ್ಣ ಅಕ್ಷರವನ್ನೂ ಬಿಡದೆ ಓದಿದ್ದಳು. ಮೊದಲು ಪ್ರಶ್ನೆ ನೋಡುವುದು, ಆಮೇಲೆ ಪಾಠ ಓದುವುದು ಅವಳ ಕ್ರಮ. "ಎಲ್ಲಿ ಕೆಟ್ಟಿದೆ ಅಂತ ತಿಳ್ಕೊಂಡು ಆಮೇಲೆ ಮಿಕ್ಸಿ ಬಿಚ್ಚಬೇಕು ತಾತ, ಸುಮ್ನೆ ಬಿಚ್ಚಿದ್ರೆ ಸ್ಕ್ರೂ ಉಳಿದುಬಿಡುತ್ತೆ," ಎನ್ನುತ್ತಿದ್ದಳು. ಅವಳಿಗೆ ತೊಡಕಾಗಿದ್ದದ್ದು ಕಿವಿಯ ಕೆಲಸ.

ತಾತ ಮರುದಿನವೇ ನಿಲ್ದಾಣ ತೆರೆದರು. ಬೆಳಗ್ಗೆ ಬಿಸಿನೀರಿನಿಂದ ಗಂಟಲು ತೊಳೆಯುವರು. ದನಿ ಚೆನ್ನಾಗಿ ಮೊಳಗುತ್ತದೆಂದು ಬಚ್ಚಲುಮನೆಯ ಬಾಗಿಲಲ್ಲಿ ಕುರ್ಚಿ ಹಾಕುವರು. ಸ್ಟೀಲಿನ ಲೋಟಕ್ಕೆ ಚಮಚದಿಂದ ಟಿಂಗ್, ಟಾಂಗ್ ಎಂದು ಬಾರಿಸಿ, ಅದೇ ಲೋಟವನ್ನು ಬಾಯಿಗೆ ಅಡ್ಡ ಹಿಡಿದು ಇಂಗ್ಲಿಷ್ ಪಾಠಗಳನ್ನು ಓದುವರು. ಜೇನುಹುಳುಗಳ ಸಂಸಾರ, ದೀಪಸ್ತಂಭದ ಕಾವಲುಗಾರ, ಕಳೆದುಹೋದ ನಾಯಿಯ ಜಾಹೀರಾತು, ಎಲ್ಲವೂ ಅವರ ಬಾಯಲ್ಲಿ ಒಂದನೆಯ ಪ್ಲಾಟ್‌ಫಾರ್ಮಿಗೆ ಬಂದು ನಿಲ್ಲುತ್ತಿದ್ದವು. ಮತ್ತು ಎಲ್ಲವೂ ಮೂರು ಮೂರು ಸಲ ಬರುತ್ತಿದ್ದವು.

ಇದಕ್ಕೆ ಅವರಲ್ಲಿ ಸಿದ್ಧಾಂತವಿತ್ತು. ಮೊದಲನೆಯ ಸಲ ಹೇಳಿದಾಗ ಯಾರೋ ಏನೋ ಹೇಳುತ್ತಿದ್ದಾರೆಂದು ಜನಕ್ಕೆ ತಿಳಿಯುತ್ತದೆ. ಎರಡನೆಯ ಸಲ ಹೇಳಿದಾಗ ಅದು ತಮಗೇ ಹೇಳುತ್ತಿರುವುದೆಂದು ತಿಳಿಯುತ್ತದೆ. ಮೂರನೆಯ ಸಲ ಕೇಳಿಸಿಕೊಳ್ಳುತ್ತಾರೆ. ಹುಡುಗಿ ಈ ಸಿದ್ಧಾಂತಕ್ಕೆ ಸಂಪೂರ್ಣ ಒಗ್ಗಿಹೋದಳು. ಮೊದಲೆರಡು ಸಲ ಅವಳು ಇಸ್ತ್ರಿಪೆಟ್ಟಿಗೆಯ ವೈರು ಸುತ್ತುತ್ತಲೋ ಸ್ಕ್ರೂ ತಿರುಗಿಸುತ್ತಲೋ ಇರುವಳು. ಮೂರನೆಯ ಸಲ ಲೋಟ ಟಿಂಗ್ ಎಂದ ಕೂಡಲೇ ಪೆನ್ನು ಹಿಡಿದು ಎಲ್ಲ ಉತ್ತರಗಳನ್ನೂ ತಪ್ಪಿಲ್ಲದೆ ಬರೆಯುವಳು.

ತಾತನ ಎದೆ ಉಬ್ಬಿತು. ಕ್ಷೌರಿಕನ ಕುರ್ಚಿಯಲ್ಲಿ, ಔಷಧಿ ಅಂಗಡಿಯ ಕಟ್ಟೆಯ ಮೇಲೆ, ಪಕ್ಕದ ಮನೆಯ ಟೈಲರಿನ ಹೊಲಿಗೆಯಂತ್ರದ ಎದುರು ಅವರ ಬೋಧನಾಕ್ರಮದ ವರ್ಣನೆ ನಡೆಯಿತು. ಎಲ್ಲ ಕಡೆಯೂ ಮೂರು ಸಲ.

ಆಮೇಲೆ ಶಾಲೆಯಲ್ಲಿ ಅಭ್ಯಾಸ ಪರೀಕ್ಷೆ ಆಯಿತು. ಅದರ ಬೆನ್ನಿಗೇ ಇಂಗ್ಲಿಷ್ ಟೀಚರಿಂದ ತಾತನಿಗೆ ಕರೆ ಬಂತು. ಹೊಗಳಿಸಿಕೊಳ್ಳಲು ಹೋಗುವವರಂತೆ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು. ಟೀಚರು ಉತ್ತರಪತ್ರಿಕೆ ಮುಂದಿಟ್ಟರು. ಓದುವ ಭಾಗ ಭರ್ತಿಯಾಗಿತ್ತು. ಕೇಳುವ ಭಾಗ ಅಂಗಡಿಯಿಂದ ಈಗಷ್ಟೇ ತಂದ ಕಾಗದದಂತಿತ್ತು.

"ಧ್ವನಿಮುದ್ರಿಕೆ ಎರಡೇ ಸಲ ಹಾಕೋದು ಸರ್," ಎಂದರು ಟೀಚರು. "ಎರಡು ಸಲ ಮುಗಿಯೋವರೆಗೂ ನಿಮ್ಮ ಮೊಮ್ಮಗಳು ತಲೆ ಮೇಲಿನ ಫ್ಯಾನ್ ನೋಡ್ತಾ ಕೂತಿದ್ದಳು. ಆಮೇಲೆ ಪೆನ್ ತಗೊಂಡು, ನಾನು ರೆಡಿ, ಹಾಕಿ ಮಿಸ್ ಅಂದಳು."

"ಮೂರನೇ ಸಲ ಹಾಕಬೇಕಿತ್ತಲ್ಲ ಮತ್ತೆ?"

ಟೀಚರು ಅವರನ್ನೇ ನೋಡಿದರು. "ಈಗ ಅರ್ಥವಾಯಿತು," ಎಂದರು.

ಮನೆಗೆ ಬರುವಷ್ಟರಲ್ಲಿ ತಾತನಿಗೂ ಅರ್ಥವಾಗಿತ್ತು. ಆ ಹುಡುಗಿಯ ಕಿವಿಗೆ ತಾವೇ ಕೈಯಾರೆ ಬೀಗ ಹಾಕಿ, ಮೂರನೆಯ ತಿರುವಿಗಷ್ಟೇ ತೆರೆಯುವ ಹಾಗೆ ಮಾಡಿದ್ದರು. ಆದರೆ ಸೋತು ಕೂರುವ ಜಾತಿ ಅದಲ್ಲ. ಆ ಸಂಜೆಯೇ ಲೋಟಕ್ಕೆ ಟಿಂಗ್ ಎಂದು ಬಾರಿಸಿ ಹೊಸ ಕಾನೂನು ಹೊರಡಿಸಿದರು. ಇನ್ನು ಮುಂದೆ ಈ ಮನೆಯಲ್ಲಿ ಯಾರೂ ಯಾವ ಮಾತನ್ನೂ ಎರಡನೆಯ ಸಲ ಹೇಳತಕ್ಕದ್ದಲ್ಲ. ಹುಡುಗಿ ಓದುತ್ತಿರುವಾಗ ಸಿಡಿಲು ಬಿದ್ದರೂ ಪಾಠ ಮುಗಿಯದೆ ತಲೆ ಎತ್ತತಕ್ಕದ್ದಲ್ಲ.

ಅಜ್ಜಿ ಬಟ್ಟೆ ಮಡಚುವುದನ್ನು ನಿಲ್ಲಿಸಿ ಕೇಳಿದರು: "ಒಂದು ಸಲ ಹೇಳಿದ್ದನ್ನ ಈ ಮನೇಲಿ ಯಾರು ಕೇಳಿದಾರೆ ಇಷ್ಟು ವರ್ಷ?"

"ಇನ್ನು ಮೇಲೆ ಕೇಳ್ತಾರೆ ಇವಳೇ."

"ನೀವೂನಾ?"

"ಮೊದಲು ನಾನೇ."

ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು, ಹುಡುಗಿಯ ಅಮ್ಮ, ಈ ಮಾತಿಗೆ ಬೆನ್ನು ತಿರುಗಿಸಿ ನಕ್ಕಳು. ಸಂಬಳಕ್ಕೆ ದುಡಿಯುವವರಿಗೆ ಮನೆಯ ಜಗಳದಲ್ಲಿ ಪಕ್ಷ ಹಿಡಿಯುವಷ್ಟು ಪುರುಸೊತ್ತು ಇರುವುದಿಲ್ಲ.

ಮೊದಲ ಕೆಲವು ದಿನ ಕಾನೂನು ಸುಸೂತ್ರವಾಗಿ ನಡೆಯಿತು. ಊಟಕ್ಕೆ ಒಂದೇ ಸಲ ಕರೆಯಲಾಯಿತು, ತಾತ ಆರಿದ್ದನ್ನು ಉಂಡರು. ಹುಡುಗಿ ಬಿಸಿಯಾಗಿ ಉಂಡಳು. ತಾತನ ಪಾಠಗಳೂ ಒಂದೇ ಓದಿಗೆ ಇಳಿದವು. ಎರಡನೆಯ ಸಲ ಬಾಯಿಗೆ ಬಂದಾಗ ಅವರು ಲೋಟದಿಂದ ಅದನ್ನು ಮುಚ್ಚಿಕೊಳ್ಳುತ್ತಿದ್ದರು. ಅದೆಂಥ ತಪಸ್ಸೆಂಬುದು ಮೈಕಿನ ಮುಂದೆ ಬಾಳು ಸವೆಸಿದವರಿಗಷ್ಟೇ ಗೊತ್ತು.

ಆಮೇಲೊಂದು ದಿನ ಅಜ್ಜಿ ದಂತವೈದ್ಯರಲ್ಲಿಗೆ ಹೊರಟರು. ಹೊಸ್ತಿಲಲ್ಲಿ ನಿಂತು, ಕಾನೂನಿನ ಪ್ರಕಾರ ಒಂದೇ ಸಲ ಹೇಳಿದರು: "ಒಲೆ ಮೇಲೆ ಹಾಲಿದೆ, ಉಕ್ಕೋ ಮುಂಚೆ ಆರಿಸಿ. ಅಡಿಗೆಮನೆ ಮೆಟ್ಟಿಲಿಗೆ ಬಣ್ಣ ಹಚ್ಚಿದೀನಿ, ಹಿಂದಿನ ಬಾಗಿಲಿಂದ ಹೋಗಿ. ನೀರಿನ ಮೋಟರ್ ಹಾಕಿದೀನಿ, ಟ್ಯಾಂಕ್ ತುಂಬಿದ ಮೇಲೆ ನಿಲ್ಲಿಸಿ."

ತಾತ "ಹೂಂ" ಎಂದರು. ಆಗ ಅವರು ಜ್ವಾಲಾಮುಖಿಯ ಬಗೆಗಿನ ಪಾಠವೊಂದನ್ನು ಮನಸ್ಸಿನಲ್ಲೇ ತಾಲೀಮು ಮಾಡುತ್ತಿದ್ದರು. ಯಾರೋ ಏನೋ ಹೇಳುತ್ತಿದ್ದಾರೆ ಎಂಬುದಷ್ಟೇ ಅವರಿಗೆ ತಿಳಿಯಿತು.

ಜ್ವಾಲಾಮುಖಿ ಮೊದಲು ಒಲೆಯ ಮೇಲೆ ಸಿಡಿಯಿತು. ಸೀದ ಹಾಲಿನ ವಾಸನೆ ಮೂಗಿಗೆ ಬಡಿದಾಗ ತಾತ ಎದ್ದು ಓಡಿದರು. ಓಡಿದವರು ಹೊಸ ಕೆಂಪು ಬಣ್ಣದ ಮೆಟ್ಟಿಲಿನ ಮೇಲೆ ಎರಡೂ ಪಾದ ಊರಿದರು. ಪಾದಗಳು ಅವರನ್ನು ಕೇಳದೆಯೇ ಮುಂದಕ್ಕೆ ಹೋದವು. ಆಸರೆಗೆಂದು ಹಿಡಿದ ಹಲಗೆಯ ಮೇಲೆ ಹಿಟ್ಟಿನ ಡಬ್ಬಿ ಇತ್ತು. ಅದು ಮುಚ್ಚಳ ಬಿಚ್ಚಿಕೊಂಡು ಅವರ ತಲೆಯ ಮೇಲೆ ಸುರಿಯಿತು. ಮೇಲೆ ಬಿಳುಪು, ಕೆಳಗೆ ಕೆಂಪು, ನಡುವೆ ಮೂಕರಾದ ತಾತ ಹೇಗೋ ಒಲೆ ಆರಿಸಿ, ಕಾಲು ತೊಳೆಯಲು ಹಿತ್ತಲಿಗೆ ನಡೆದರು. ತಾರಸಿಯ ಮೆಟ್ಟಿಲುಗಳಲ್ಲಿ ನೀರು ಜಲಪಾತವಾಗಿ ಇಳಿಯುತ್ತಿತ್ತು. ಆಚೆ ಗೋಡೆಯ ಬಳಿ ಟೈಲರು ಹೊಲಿದಿಟ್ಟ ಸಮವಸ್ತ್ರಗಳ ಗಂಟನ್ನು ತಲೆಯ ಮೇಲೆ ಹೊತ್ತು, ನೆರೆಯಲ್ಲಿ ಮನೆ ಬಿಟ್ಟವನಂತೆ ಮೊಣಕಾಲವರೆಗೆ ಪ್ಯಾಂಟು ಮಡಚಿ ನಿಂತಿದ್ದ. "ಏನ್ ಸ್ವಾಮಿ, ಈ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ?" ಎಂದ.

ಆಗ ಹುಡುಗಿ ಕಿಟಕಿಯ ಪಕ್ಕದಿಂದ ಎದ್ದು ಬಂದು, ಮೋಟರಿನ ಸ್ವಿಚ್ಚು ಆರಿಸಿದಳು.

"ಅಲ್ಲೇ ಇದ್ದೆಯಾ? ನೋಡ್ತಾ ಕೂತಿದ್ದೆಯಾ?"

"ನೋಡಲಿಲ್ಲ ತಾತ. ಪಾಠ ಮುಗಿಯೋವರೆಗೂ ತಲೆ ಎತ್ತಬಾರದು ಅಂದಿದ್ರಲ್ಲ. ಈಗ ಮುಗೀತು."

"ಮೋಟರ್ ಹಾಕಿದೆ ಅಂತ ನಿನಗೆ ಗೊತ್ತಿತ್ತಾ?"

ಹುಡುಗಿ ಗೋಡೆ ನೋಡುತ್ತ ಒಪ್ಪಿಸಿದಳು. ಹಾಲು, ಮೆಟ್ಟಿಲಿನ ಬಣ್ಣ, ಹಿಂದಿನ ಬಾಗಿಲು, ಮೋಟರು, ಟ್ಯಾಂಕು. ಅಜ್ಜಿ ಹೇಳಿದ ಅನುಕ್ರಮದಲ್ಲೇ, ಒಂದು ಮಾತೂ ಹಿಂದುಮುಂದಾಗದೆ. ಅವಳು ಆಗ ಓದುತ್ತಿದ್ದ ಇಂಗ್ಲಿಷ್ ಪಾಠದ ಉತ್ತರಗಳೂ ಸರಿಯಾಗಿದ್ದವು.

ತಾತ ಮೊಮ್ಮಗಳ ಎರಡೂ ಕೈ ಹಿಡಿದುಕೊಂಡು ಆ ನೀರಿನಲ್ಲಿ ಕುಣಿದರು. ಒಂದೇ ಸಲ, ಒಂದೇ ಸಲಕ್ಕೆ ಕೇಳಿಸಿಕೊಂಡಿದ್ದಾಳೆ ಎಂದು ಟೈಲರಿಗೆ ಕೂಗಿ ಹೇಳಿದರು. ದಂತವೈದ್ಯರಿಂದ ಹಿಂದಿರುಗಿದ ಅಜ್ಜಿಗೆ ಕಂಡದ್ದು ಇದು: ಮನೆಯೆಲ್ಲ ಕೆಂಪು ಹೆಜ್ಜೆ, ನೆಲವೆಲ್ಲ ಹಿಟ್ಟಿನ ಗಂಜಿ, ಅದರ ನಡುವೆ ಬಿಳಿ ಬೂದಿ ಬಳಿದುಕೊಂಡಂತಿರುವ ಗಂಡ, ಹಲ್ಲು ಕಿರಿಯುತ್ತ.

ಅಜ್ಜಿಯ ಅರ್ಧ ಬಾಯಿ ಮರಗಟ್ಟಿತ್ತು. ಇಲ್ಲದಿದ್ದರೆ ಆ ದಿನದ ಕತೆ ಬೇರೆಯಾಗುತ್ತಿತ್ತು. ಅವರು ಪೊರಕೆಯನ್ನು ತಂದು ಗಂಡನ ಕೈಗೆ ಕೊಟ್ಟರು. ಅದನ್ನೂ ಒಂದೇ ಸಲ.

ಪರೀಕ್ಷೆಯ ದಿನ ಬಂತು. ತಾತ ಎದ್ದಾಗ ಹುಡುಗಿ ಆಗಲೇ ಹೊರಟುಹೋಗಿದ್ದಳು. ಶಿಸ್ತು ಎಂದರೆ ಇದು ಎಂದು ಮೆಚ್ಚಿಕೊಂಡು, ಕೊಡೆ ಮತ್ತು ಬಿಸಿನೀರಿನ ಫ್ಲಾಸ್ಕು ಹಿಡಿದು ಅವರು ಶಾಲೆಯ ಗೇಟಿನ ಎದುರಿನ ಕಲ್ಲುಬೆಂಚಿನ ಮೇಲೆ ಆಸೀನರಾದರು. ಬೇರೆ ತಂದೆತಾಯಿಯರು ಒಬ್ಬರೂ ಬಂದಿರಲಿಲ್ಲ. ಈ ಕಾಲದವರಿಗೆ ಮಕ್ಕಳ ಮೇಲೆ ಎಲ್ಲಿದೆ ಕಾಳಜಿ ಎಂದು ಮರುಗಿ, ಎಲ್ಲರ ಪರವಾಗಿ ತಾವೊಬ್ಬರೇ ಕಾವಲು ನಿಂತರು.

ಒಳಗೆ ಕೇಳುವ ಪರೀಕ್ಷೆ ನಡೆಯುವಾಗ ಹೊರಗೆ ಸದ್ದಾಗಬಹುದೇ? ಹಾರನ್ ಹೊಡೆದ ಸ್ಕೂಟರಿನವನನ್ನು ತಡೆದು ಬುದ್ಧಿ ಹೇಳಿದರು. ತರಕಾರಿ ಗಾಡಿಯವಳನ್ನು ಪಿಸುಮಾತಿನಲ್ಲಿ ವ್ಯಾಪಾರ ಮಾಡುವಂತೆ ಒಪ್ಪಿಸಿದರು. ಬೊಗಳುತ್ತಿದ್ದ ನಾಯಿಗೆ ಬಿಸ್ಕತ್ತು ಕೊಂಡು ಹಾಕಿದರು. ಎಲ್ಲಕ್ಕಿಂತ ದೊಡ್ಡ ಸಾಹಸವೆಂದರೆ, ಶಾಲೆಯ ಅಂಗಳದಲ್ಲಿ ಸುತ್ತಿಗೆ ಬಡಿಯುತ್ತಿದ್ದ ಬಡಗಿಯನ್ನು ಗೇಟಿನ ಸರಳುಗಳ ನಡುವಿನಿಂದ ಗದರಿಸಿ ಕೆಲಸ ನಿಲ್ಲಿಸಿದ್ದು. ಆ ದನಿಗೆ ಬೆದರಿದ ಬಡಗಿ ಸುತ್ತಿಗೆ ಕೆಳಗಿಟ್ಟು, ಮರದಡಿ ಮಲಗಿ ನಿದ್ದೆಹೋದ. ಇಡೀ ಬೀದಿ ತಾತನ ಆಣತಿಗೆ ಮಣಿದು ಮಧ್ಯಾಹ್ನದವರೆಗೆ ಉಸಿರು ಬಿಗಿಹಿಡಿದಿತ್ತು.

ಊಟ ಮುಗಿಸಿ ಬಂದ ಶಾಲೆಯ ಕಾವಲುಗಾರ ಮಲಗಿದ್ದ ಬಡಗಿಯನ್ನು ನೋಡಿ ಕೆರಳಿದ. ತಾತ ತುಟಿಯ ಮೇಲೆ ಬೆರಳಿಟ್ಟು, "ಶ್... ಒಳಗೆ ಪರೀಕ್ಷೆ," ಎಂದರು.

"ಯಾವ ಪರೀಕ್ಷೆ? ಬೆಂಚು ರಿಪೇರಿ ಅಂತ ಇವತ್ತು ಶಾಲೆಗೆ ರಜ. ಮಕ್ಕಳಿಗೆಲ್ಲ ಸೇತುವೆ ಆಚೆ ಶಾಲೇಲಿ ಪರೀಕ್ಷೆ. ಇವನ ಕೆಲಸ ನಿಲ್ಲಿಸಿದ್ದು ನೀವಾ?"

ತಾತ ಮನೆಗೆ ಬಂದಾಗ ಹುಡುಗಿ ಊಟ ಮುಗಿಸಿ, ಗೋಡೆ ಗಡಿಯಾರ ಬಿಚ್ಚಿಕೊಂಡು ಕುಳಿತಿದ್ದಳು. ಧ್ವನಿಮುದ್ರಿಕೆಯಲ್ಲಿ ಬಂದದ್ದು ಬಂದರಿನ ಕೆಲಸಗಾರನೊಬ್ಬನ ಸಂದರ್ಶನವಂತೆ. ಮೊದಲ ಸಲಕ್ಕೇ ಉತ್ತರ ಬರೆದು ಮುಗಿಸಿದ್ದಳಂತೆ. ಎರಡನೆಯ ಸಲ ಸರಿನೋಡಿಕೊಂಡಳಂತೆ. ಪರೀಕ್ಷೆಯ ನಡುವೆ ಹೊರಗೆ ಲಾರಿಯೊಂದು ಹಾರನ್ ಹೊಡೆಯುತ್ತಲೇ ಇತ್ತಂತೆ, ಅದರಿಂದ ಅವಳಿಗೇನೂ ತೊಂದರೆಯಾಗಲಿಲ್ಲವಂತೆ.

"ಬೇರೆ ಶಾಲೆ ಅಂತ ನನಗೆ ಯಾರೂ ಹೇಳಲೇ ಇಲ್ಲವಲ್ಲ," ಎಂದರು ತಾತ ಕೊಡೆ ಮೂಲೆಗಿಡುತ್ತ.

ಅಜ್ಜಿ ತಲೆ ಎತ್ತದೆ ಹೇಳಿದರು: "ನಿನ್ನೆ ಊಟದ ಹೊತ್ತಲ್ಲಿ ಹೇಳಿದಳು. ಒಂದು ಸಲ. ನೀವು ಹೂಂ ಅಂದ್ರಿ."

ಫಲಿತಾಂಶ ಬಂದ ಸಂಜೆ ತಾತ ಕುರ್ಚಿಯಲ್ಲಿ ಪತ್ರಿಕೆ ಹಿಡಿದು, ಓದದೆ ಕುಳಿತಿದ್ದರು. ಹುಡುಗಿ ಒಳಗೆ ಬಂದಳು. ಸ್ಟೀಲಿನ ಲೋಟ ತೆಗೆದುಕೊಂಡು ಚಮಚದಿಂದ ಟಿಂಗ್, ಟಾಂಗ್ ಎಂದು ಬಾರಿಸಿದಳು. ಬಾಯಿಗೆ ಅಡ್ಡ ಹಿಡಿದಳು.

"ಪ್ರಯಾಣಿಕರ ಗಮನಕ್ಕೆ. ಈ ಮನೆಯ ಮೊಮ್ಮಗಳು ಇಂಗ್ಲಿಷಿನಲ್ಲಿ ಪಾಸಾಗಿರುತ್ತಾರೆ. ಎಂಜಿನ್ ಶಾಲೆಯ ಕಡೆಗೆ ಹೊರಡಲು ಸಿದ್ಧರಾಗಿರುತ್ತಾರೆ."

ದನಿ ಸ್ಪಷ್ಟವಾಗಿತ್ತು. ನಿಲುಗಡೆಗಳು ನಿಲ್ಲಬೇಕಾದಲ್ಲೇ ನಿಂತವು. ತಾವು ಮೈಕಿನ ಮುಂದೆ ಕುಳಿತ ಮೊದಲ ವರ್ಷ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲವೆಂದು ತಾತ ಒಳಗೊಳಗೇ ಒಪ್ಪಿಕೊಂಡರು. ಅವಳು ಎರಡನೆಯ ಸಲ ಹೇಳಿದಳು. ಮೂರನೆಯ ಸಲಕ್ಕೆ ಲೋಟ ಎತ್ತಿದಾಗ ತಾತ ಕೈ ಅಡ್ಡ ಹಿಡಿದರು.

"ಸಾಕು ಬಿಡೇ. ಕಾನೂನು ಮರೆತೆಯಾ? ಒಂದೇ ಸಲ ಸಾಕಾಗಿತ್ತು."

"ಒಂದು ಸಲ ಹೇಳಿದ್ದು ಅಜ್ಜಿಗೆ ತಾತ. ಇನ್ನೊಂದು ಸಲ ಅಮ್ಮನಿಗೆ," ಎಂದಳು ಹುಡುಗಿ. ಲೋಟಕ್ಕೆ ಮತ್ತೆ ಟಿಂಗ್ ಎಂದು ಬಾರಿಸಿದಳು. "ನಿಮಗೆ ಈಗ ಹೇಳ್ತೀನಿ. ಕೇಳಿಸ್ಕೊಳ್ಳಿ."